ಹೇಮಾವತಿ ಹೇಳಿದ ದಾರಿ

ಓಬಳೇಶಪ್ಪ ಬಸ್ಸು ಹೊಡೆಯುವುದನ್ನು ಬಿಟ್ಟ ಮೇಲೆ ಹೊಸದುರ್ಗದ ಆ ಮನೆಯಲ್ಲಿ ಜಗಳಕ್ಕೂ ಬರಗಾಲ ಬಂತು. ಮೊದಲೆಲ್ಲ ಸಾರಿಗೆ ಹುಳಿ ಜಾಸ್ತಿಯಾದರೆ ತಟ್ಟೆ ತಳ್ಳುತ್ತಿದ್ದವನು, ಅಂಗಿಗೆ ಇಸ್ತ್ರಿಯಿಲ್ಲವೆಂದರೆ ಬೀದಿಗೆ ಕೇಳುವ ಹಾಗೆ ಕೂಗಾಡುತ್ತಿದ್ದವನು, ಈಗ ಹಾಕಿದ್ದನ್ನು ಉಣ್ಣುತ್ತಿದ್ದ, ಕೊಟ್ಟಿದ್ದನ್ನು ತೊಡುತ್ತಿದ್ದ. ಒಂದು ದಿನ ಹೆಂಡತಿ ಸಿದ್ದಕ್ಕ ಬೇಕೆಂದೇ ಉಪ್ಪಿಲ್ಲದ ಸಾರು ಬಡಿಸಿದಳು. ಬೈಯಲಿ, ಎದ್ದು ಹೋಗಲಿ, ಏನಾದರೂ ಮಾಡಲಿ ಎಂದು ಎದುರಿಗೇ ಕುಳಿತು ನೋಡಿದಳು. ಅವನು ಮುದ್ದೆ ಮುರಿದು, ಸಾರಿಗೆ ಅದ್ದಿ, ನುಂಗಿ, ಕೈ ತೊಳೆದುಕೊಂಡು ಜಗಲಿಗೆ ಹೋಗಿ ಕುಳಿತ. ಆವತ್ತು ಸಿದ್ದಕ್ಕ ಒಲೆಯ ಮುಂದೆ ಕುಳಿತು ಅತ್ತಳು.

ಹೊಸದುರ್ಗ–ಶ್ರೀರಾಂಪುರದ ಕಡೆಯ ಹಳ್ಳಿಗಳಿಗೆ ಇಪ್ಪತ್ತು ವರ್ಷಕ್ಕೂ ಮೇಲೆ ಪ್ರೈವೇಟ್ ಬಸ್ಸು ಹೊಡೆದ ಆಸಾಮಿ ಅವನು. ಹಿಂದಿನ ಬಸ್ಸು ಬರುವುದರೊಳಗೆ ಮುಂದಿನ ಸ್ಟಾಪಿನ ಜನರನ್ನು ಬಾಚಿಕೊಂಡು ಹೋಗುವುದೇ ಅವನ ವಿದ್ಯೆ, ಅದರಲ್ಲಿ ಅವನಿಗೆ ಸರಿಸಾಟಿ ಇರಲಿಲ್ಲ. ಹೀಗೇ ಬಾಚಲು ಹೊರಟ ಒಂದು ಬೆಳಿಗ್ಗೆ ಹುಣಸೆತೋಪಿನ ತಿರುವಿನಲ್ಲಿ, ಸೈಕಲ್ಲಿನ ಮೇಲೆ ಹುಲ್ಲಿನ ಹೊರೆ ಹೇರಿಕೊಂಡು ಬರುತ್ತಿದ್ದ ತಿಪ್ಪಯ್ಯನೆಂಬ ಮುದುಕ ಚಕ್ರದಡಿ ಸಿಕ್ಕಿ ಸತ್ತ. ಕೋರ್ಟು ತಪ್ಪು ಮುದುಕನದೇ ಅಂದಿತು. ಬಸ್ಸಿನ ಸಾಹುಕಾರರು ವಾಪಸು ಬಾ ಅಂದರು. ಓಬಳೇಶಪ್ಪ ಹೋಗಲಿಲ್ಲ. ದುಃಖವಾಗಿದೆ ಎಂದೂ ಯಾರಿಗೂ ಹೇಳಲಿಲ್ಲ, ಯಾಕೆಂದರೆ ಅವನಿಗೆ ದುಃಖವೂ ಆಗುತ್ತಿರಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕುಳಿತರೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದು ಕುಳಿತಿತ್ತು.

ಸಂಸಾರ ಮಾತ್ರ ನಡೆಯಬೇಕಲ್ಲ. ಮಗ ನಿರಂಜನ್ ಮೋಟಾರ್ ಸಾಮಾನಿನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ. ಸಿದ್ದಕ್ಕ ತೋಟದವರಿಂದ ತೆಂಗಿನ ಗರಿ ತರಿಸಿ, ಕಡ್ಡಿ ಹೆರೆದು, ಪೊರಕೆ ಕಟ್ಟಿ ಸಂತೆಗೆ ಹಾಕತೊಡಗಿದಳು. ಹೆರೆಯುವ ಕೆಲಸ ಹೆಚ್ಚಾಗಿ ಮಗಳು ಹೇಮಾವತಿಯದು. ಅವಳಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಚಿಕ್ಕಂದಿನಿಂದ ದಾವಣಗೆರೆಯಲ್ಲಿ ಅಂಧ ಮಕ್ಕಳ ಹಾಸ್ಟೆಲಿನಲ್ಲಿದ್ದು, ಬ್ರೈಲ್ ಕಲಿತು, ಪಿಯುಸಿ ಮುಗಿಸಿ ಬಂದವಳು. ಹಾಸ್ಟೆಲಿನಲ್ಲಿ ಮೂರು ಮಹಡಿ ಹತ್ತಿ ಇಳಿಯುತ್ತಿದ್ದ ಹುಡುಗಿಗೆ ಮನೆಯಲ್ಲಿ ಹಿತ್ತಲಿಗೆ ಹೋಗಲೂ ಬಿಡುತ್ತಿರಲಿಲ್ಲ. ಎದ್ದರೆ ಸಾಕು, "ಏಳಬ್ಯಾಡ, ಕುಂತ್ಕ," "ಎಲ್ಲಿಗೆ? ಕೈ ಕೊಡಿಲ್ಲಿ," ಎಂದು ಎರಡು ಕಡೆಯಿಂದ ಕೂಗು ಬರುತ್ತಿತ್ತು. ಪ್ರೀತಿಯೇ ಅದು, ಇಲ್ಲವೆನ್ನಲಾಗದು. ಆದರೆ ಅಂಥ ಪ್ರೀತಿಯಲ್ಲಿ ಮನುಷ್ಯ ಕುಳಿತಲ್ಲೇ ಬೇರು ಬಿಡುತ್ತಾನೆ.

ಮೊಬೈಲು ಆಗಿನ್ನೂ ಸಾಹುಕಾರರ ಜೇಬಿನಲ್ಲಷ್ಟೇ ಇದ್ದ ಕಾಲ. ಒಂದು ಭಾನುವಾರ ಚಿತ್ರದುರ್ಗದಿಂದ ಲಕ್ಷ್ಮೀಕಾಂತ್ ಎಂಬ ಕಾಲೇಜು ಮೇಷ್ಟ್ರು ತಮ್ಮ ಹಳೆಯ ಮಾರುತಿ ಕಾರಿನಲ್ಲಿ ಮನೆಯ ಮುಂದೆ ಬಂದಿಳಿದರು. ಪಾಠಕ್ಕಿಂತ ಕಾರಿನ ಹುಚ್ಚೇ ಹೆಚ್ಚಿದ್ದ ಮನುಷ್ಯ. ಹೇಮಾವತಿಯ ಶಾಲೆಯವರು ಅವಳ ಹೆಸರು ಕೊಟ್ಟಿದ್ದರಂತೆ.

"ನಮ್ಮ ಕ್ಲಬ್ಬಿಂದ ಕಾರ್ ರ‍್ಯಾಲಿ ಮಾಡ್ತೀವಮ್ಮ," ಎಂದರು ಸಿದ್ದಕ್ಕನಿಗೆ. "ಇಷ್ಟು ವರ್ಷ ಇಂಥ ಮಕ್ಕಳನ್ನ ಕರೆದು ಮುಂದಿನ ಸಾಲಲ್ಲಿ ಕೂರಿಸಿ, ಕೈಗೊಂದು ಬಾವುಟ ಕೊಟ್ಟು ಬೀಸಿಸ್ತಿದ್ವಿ. ಗಾಡಿ ಒಳಗೆ ಕೂರಿಸಿರಲಿಲ್ಲ. ಈ ಸಲ ಕೂರಿಸಬೇಕು ಅಂತ."

"ಕಾರ್ ರೇಸಾ? ಇವಳನ್ನಾ?"

"ಜೋರಾಗಿ ಹೋಗೋ ಆಟ ಅಲ್ಲ ಇದು. ಹೇಳಿದ ಹೊತ್ತಿಗೆ ಹೇಳಿದ ಜಾಗ ಮುಟ್ಟೋ ಆಟ. ತಡ ಆದರೂ ನಂಬರ್ ಕಳೀತಾರೆ, ಬೇಗ ಹೋದರೆ ಇನ್ನೂ ಜಾಸ್ತಿ ಕಳೀತಾರೆ. ದಾರಿ ಯಾವುದು ಅಂತ ಬ್ರೈಲ್ ಹಾಳೆಯಲ್ಲಿ ಇರುತ್ತೆ. ಅದನ್ನ ಡ್ರೈವರ್ ಓದಕ್ಕಾಗಲ್ಲ. ಪಕ್ಕದಲ್ಲಿ ಕೂತಿರೋ ಕಣ್ಣಿಲ್ಲದವರು ಬೆರಳಲ್ಲಿ ಓದಿ, ಇಷ್ಟು ದೂರ ನೇರ, ಆಮೇಲೆ ಎಡಕ್ಕೆ ಅಂತ ಹೇಳಬೇಕು. ಡ್ರೈವರ್ ಹಾಗೇ ಹೋಗಬೇಕು."

"ಕಣ್ಣಿಲ್ದೋರು ಹೇಳೋದು, ಕಣ್ಣಿರೋರು ಕೇಳೋದಾ?"

"ಅದೇ ಆಟ."

ಹೇಮಾವತಿ ಗರಿ ಹೆರೆಯುವುದನ್ನು ನಿಲ್ಲಿಸಿದ್ದಳು. "ಸರ್, ನಾನು ಬರ್ತೀನಿ," ಎಂದಳು.

ಮೇಷ್ಟ್ರು ಹೋದ ಮೇಲೆ ಊಟದ ಹೊತ್ತಿಗೆ ಜಗಳ ಶುರುವಾಯಿತು. ಬಹಳ ದಿನದ ಮೇಲೆ ಆ ಮನೆಯಲ್ಲಿ ಎದ್ದ ಜಗಳ, ಚೆನ್ನಾಗಿಯೇ ಎದ್ದಿತು.

"ಯಾವೋನೋ ಗುರ್ತಿಲ್ದೋನ ಪಕ್ಕ ವಯಸ್ಸಿಗೆ ಬಂದ ಹುಡುಗೀನ ಕುಂಡ್ರಿಸಿ ಊರೂರು ತಿರುಗ್ಸಾಕೆ ನಂಗೇನು ಬುದ್ಧಿ ಕೆಟ್ಟೈತಾ?" ಎಂದಳು ಸಿದ್ದಕ್ಕ.

"ಜನ ನೋಡಿ ನಗ್ತಾರೆ ಕಣೇ," ಎಂದ ನಿರಂಜನ್. "ಅಂಗಡೀಲಿ ನನ್ನ ಸುಮ್ನೆ ಬಿಡಲ್ಲ."

"ನಗ್ಲಿ ಬಿಡಣ್ಣ, ನಂಗೇನು ಕಾಣ್ತೈತಾ?" ಎಂದಳು ಹೇಮಾವತಿ. ಅವಳು ಮುಂದುವರಿಸಿದಳು. "ಹುಟ್ದಾಗಿಂದ ನನ್ನ ಕೈ ಹಿಡ್ಕಂಡು ಎಲ್ರೂ ಅವ್ರು ಹೋದ ಕಡೆಗೆ ಎಳ್ಕಂಡು ಹೋಗೀರಿ. ಒಂದ್ಸಲ ನಾನು ಹೇಳಿದ ಕಡೆಗೆ ಯಾರಾದ್ರೂ ಬರ್ಲಿ. ಇನ್ನೇನೂ ಬ್ಯಾಡ ನಂಗೆ."

"ಅದ್ಕೆ ಹೊರಗಿನ ಗಂಡಸ್ರೇ ಆಗ್ಬೇಕಾ?"

"ನಮ್ಮನೇಲೇ ಡ್ರೈವರ್ ಇಲ್ವೇನವ್ವ? ಅಪ್ಪ ಬರ್ಲಿ. ಗಾಡಿ ಮೇಷ್ಟ್ರೇ ಕೊಡ್ತಾರಂತೆ."

ಸ್ಟೀರಿಂಗಿನ ಮಾತು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಮೂವರೂ ಓಬಳೇಶಪ್ಪನ ಕಡೆಗೆ ತಿರುಗಿದರು. ಅವನು ಮಜ್ಜಿಗೆ ಸುರಿದುಕೊಂಡು ಅನ್ನ ಕಲಸುತ್ತಿದ್ದ.

"ಅಪ್ಪ, ಬರ್ತೀಯಾ?"

"ಹೂಂ," ಎಂದ ಅವನು. ಸೀಮೆಎಣ್ಣೆ ಮುಗಿದಿದೆ ಎಂದಿದ್ದರೂ ಅವನು ಹಾಗೇ ಹೂಂ ಎನ್ನುತ್ತಿದ್ದ. ಆದರೆ ಹೇಮಾವತಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮುಂದಿನ ವಾರಗಳಲ್ಲಿ ಮೇಷ್ಟ್ರು ಭಾನುವಾರ ಭಾನುವಾರ ಕಾರು ತಂದು ಬಿಟ್ಟರು. ಮೊದಲ ಸಲ ಓಬಳೇಶಪ್ಪ ಡ್ರೈವರ್ ಸೀಟಿನಲ್ಲಿ ಕುಳಿತಾಗ ಸಿದ್ದಕ್ಕ ಬಾಗಿಲ ಹಿಂದೆ ನಿಂತು ಕೈ ಮುಗಿದಳು. ಅವನಿಗೆ ಭಯವಾದೀತೆಂದು ಎಲ್ಲರೂ ಭಯಪಟ್ಟಿದ್ದರು. ಅವನಿಗೆ ಏನೂ ಆಗಲಿಲ್ಲ. ಕೈ ಗೇರು ಹಾಕಿತು, ಕಾಲು ಕ್ಲಚ್ಚು ಬಿಟ್ಟಿತು, ಗಾಡಿ ಹೊರಟಿತು.

ಕೆಲಸ ಇಷ್ಟೇ: ಅವನು ಮೀಟರಿನ ಅಂಕಿ ನೋಡಿ ಕೂಗಬೇಕು, ಅವಳು ಮಡಿಲಲ್ಲಿಟ್ಟುಕೊಂಡ ಹಾಳೆಯ ಮೇಲೆ ಬೆರಳಾಡಿಸುತ್ತ ಲೆಕ್ಕ ಹಾಕಿ ತಿರುವು ಹೇಳಬೇಕು. ವಾರದ ದಿನಗಳಲ್ಲಿ ಜಗಲಿಯ ಮೇಲೇ ಅಭ್ಯಾಸ. ಇವನು ಇಲ್ಲದ ಮೀಟರು ನೋಡಿ "ಏಳು… ಎಂಟು…" ಎನ್ನುತ್ತಿದ್ದ, ಅವಳು "ಈಗ ಬಲಕ್ಕೆ" ಎನ್ನುತ್ತಿದ್ದಳು. ಎದುರು ಮನೆಯ ಚಂದ್ರಕ್ಕ ಬಂದು, "ಏನ್ ಸಿದ್ದಕ್ಕ, ನಿಮ್ಮ ಜಗಲಿ ಇವತ್ತು ಹಿರಿಯೂರು ಮುಟ್ತಾ?" ಎಂದು ಕೇಳಿ ಹೋಗುತ್ತಿದ್ದಳು.

ಓಬಳೇಶಪ್ಪನ ಕೈಗಿದ್ದ ಕೆಟ್ಟ ಚಾಳಿ ಎಂದರೆ ಅವಸರ. ಅಭ್ಯಾಸದಲ್ಲಿ ಹೊಳಲ್ಕೆರೆಗೆ ಹೇಳಿದ್ದಕ್ಕಿಂತ ಮೊದಲೇ ಮುಟ್ಟಿಸಿಬಿಟ್ಟ.

"ಅಪ್ಪ, ಹಿಂದೆ ಯಾವ ಬಸ್ಸೂ ಬರ್ತಿಲ್ಲ. ಸಾವಕಾಶ ಹೊಡಿ," ಎಂದಳು ಹೇಮಾವತಿ.

"ಕಾಲು ಕೇಳಲ್ಲವ್ವ."

"ನಿನ್ನ ಕಾಲು ನನ್ನ ಮಾತು ಕೇಳ್ಬೇಕು. ಮೇಷ್ಟ್ರು ಹೇಳಿಲ್ವಾ?"

ಅವನು ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿದ. ಮಾತು ಕೇಳುವುದು ಅವನಿಗೆ ಕಷ್ಟವೇನೂ ಆಗಲಿಲ್ಲ. ತನ್ನದೆಂಬ ಇಷ್ಟವಾಗಲೀ ಅನಿಷ್ಟವಾಗಲೀ ಇಲ್ಲದ ಡ್ರೈವರು, ಹಾಳೆ ಓದುವವರಿಗೆ ಇನ್ನೇನು ಬೇಕು. ಎರಡನೆಯ ಭಾನುವಾರದ ಹೊತ್ತಿಗೆ ಇಬ್ಬರೂ ಪಳಗಿದರು. ಹೇಮಾವತಿ ಮನೆಯಲ್ಲೂ ಗಟ್ಟಿಯಾಗಿ ಮಾತಾಡತೊಡಗಿದಳು. ಕೈ ಹಿಡಿಯಲು ಬಂದ ತಾಯಿಯನ್ನು, "ನೀನು ನನ್ನ ಹಿಂದೆ ಬಾರವ್ವ," ಎಂದು ಹಿತ್ತಲಿಗೆ ತಾನೇ ಮುಂದಾಗಿ ಹೋದಳು.

ಆಟದ ಹಿಂದಿನ ದಿನ ಸಿದ್ದಕ್ಕ ಗಂಡನ ಎದುರಿಗೆ ಒಂದು ಸುಲಿದ ತೆಂಗಿನಕಾಯಿ ತಂದಿಟ್ಟಳು. ಡ್ರೈವರುಗಳಲ್ಲಿ ಒಂದು ಪದ್ಧತಿ. ಯಾರ ಗಾಡಿಗೆ ಒಂದು ಜೀವ ಸಿಕ್ಕಿರುತ್ತದೋ ಅವನು ಆ ಜಾಗದಲ್ಲಿ ಇಳಿದು, ರಸ್ತೆಗೆ ನೀರು ಚಿಮುಕಿಸಿ, ಕಾಯಿ ಒಡೆದು, ಸತ್ತವರ ಹೆಸರು ಹೇಳಿ ತಪ್ಪಾಯಿತು ಎನ್ನಬೇಕು. ಆಮೇಲೆಯೇ ಆ ಹಾದಿಯಲ್ಲಿ ಗಾಡಿ ಹೊಡೆಯಬೇಕು. ಓಬಳೇಶಪ್ಪ ಅದನ್ನು ಮಾಡಿಯೇ ಇರಲಿಲ್ಲ.

"ದಾರಿ ಯಾವ ಕಡೆಗೈತೋ ಯಾರಿಗ್ಗೊತ್ತು," ಎಂದಳು ಸಿದ್ದಕ್ಕ. "ಹುಣಸೆತೋಪಿನ ಕಡೆಗೇ ಹೋದ್ರೆ, ಇಳಿದು ಒಂದು ಕಾಯಿ ಒಡೆದು ಮುಂದಕ್ಕೆ ಹೋಗ್ರಿ. ಮಗಳಿರ್ತಾಳೆ ಗಾಡೀಲಿ."

"ಹೂಂ," ಎಂದ ಅವನು. ಮಾರನೆಯ ಬೆಳಿಗ್ಗೆ ಕಾಯಿಯನ್ನು ಕಾರಿನ ಸೀಟಿನ ಕೆಳಗೆ ಇಟ್ಟುಕೊಂಡ.

ರ‍್ಯಾಲಿ ಚಿತ್ರದುರ್ಗದಿಂದ ಹೊರಟಿತು, ಮುಗಿಯುವುದು ಹಿರಿಯೂರಿನಲ್ಲಿ. ಒಂದೊಂದು ಕಾರನ್ನೂ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಬಿಡುತ್ತಿದ್ದರು. ಪ್ರತಿಯೊಂದರಲ್ಲೂ ಒಬ್ಬರು ಡ್ರೈವರು, ಪಕ್ಕದಲ್ಲಿ ಕಣ್ಣಿಲ್ಲದ ಒಬ್ಬರು. ಬಾವುಟ ಬೀಸಲು ಈ ಸಲ ತಹಶೀಲ್ದಾರರು ಬಂದಿದ್ದರು. ಹೇಮಾವತಿ ಹಸಿರು ಸೀರೆಯ ಸೆರಗು ಸಿಕ್ಕಿಸಿ ಕುಳಿತು, ಹಾಳೆಯ ಮೊದಲ ಸಾಲಿಗೆ ಬೆರಳಿಟ್ಟಳು.

ಹಿರೇಗುಂಟನೂರಿನ ಕಡೆಯಿಂದ ಬಳಸಿ ಹೊಳಲ್ಕೆರೆಗೆ ಬಂದಾಗ ಗಡಿಯಾರ ಹಿಡಿದು ರಸ್ತೆಬದಿ ಕುಳಿತಿದ್ದವರು ಅವರ ಹೊತ್ತು ಬರೆದುಕೊಂಡರು. ಹೊಸದುರ್ಗದಲ್ಲಿ ಮತ್ತೆ ನಿಂತಾಗ ಸಿದ್ದಕ್ಕ, ನಿರಂಜನ್ ಇಬ್ಬರೂ ಬಂದು ಕಾಯುತ್ತಿದ್ದರು. ಅಂಗಡಿಯವರೂ ನಾಲ್ಕು ಜನ ಸೇರಿದ್ದರು. ಗಡಿಯಾರದವನು ಕಿಟಕಿಗೆ ಬಗ್ಗಿ, "ಇಲ್ಲಿವರೆಗೆ ನಿಮ್ಮ ಗಾಡೀನೇ ಎಲ್ಲಕ್ಕಿಂತ ಸರಿಯಾಗೈತೆ ಕಣಮ್ಮ. ಹಿಂಗೇ ಹೋಗ್ರಿ," ಎಂದ.

"ನಮ್ಮ ತಂಗಿ," ಎಂದ ನಿರಂಜನ್ ಪಕ್ಕದಲ್ಲಿದ್ದವನಿಗೆ. ಅವನೇನೂ ಕೇಳಿರಲಿಲ್ಲ.

ಹೇಮಾವತಿ ನಗುತ್ತಿದ್ದಳು. ಊರು ದಾಟಿದ ಮೇಲೂ ಆ ನಗು ಇಳಿಯಲಿಲ್ಲ. ತೆಂಗಿನ ತೋಟಗಳು ಮುಗಿದು ಹೊಲಗಳು ಬಂದವು. ಓಬಳೇಶಪ್ಪ ಮೀಟರು ನೋಡಿ ಅಂಕಿ ಕೂಗುತ್ತಿದ್ದ, ಅವಳು ಹೂಂ ಹೂಂ ಎನ್ನುತ್ತಿದ್ದಳು.

"ಅಪ್ಪ, ಮುಂದೆ ಒಂದು ಕವಲು ಬರ್ತೈತೆ. ಅಲ್ಲಿ ಎಡಕ್ಕೆ."

ಕವಲು ಅವನಿಗೆ ಆಗಲೇ ಕಂಡಿತ್ತು. ಎಡಕ್ಕೆ ಹೋದರೆ ಒಂದು ಕೂಗಳತೆಯಲ್ಲಿ ಹುಣಸೆತೋಪು. ಬಲಕ್ಕೆ ಹೋಗುವ ಹಾದಿ ಹಳ್ಳಿಗಳನ್ನು ಸುತ್ತಿಕೊಂಡು ಹೋಗಿ ಹಿರಿಯೂರಿನ ರಸ್ತೆಗೇ ಸೇರುತ್ತದೆ. ಇಳಿಯಬೇಕು, ನೀರು ಚಿಮುಕಿಸಬೇಕು, ಆ ಹೆಸರು ಬಾಯಿಬಿಟ್ಟು ಹೇಳಬೇಕು. ಅಷ್ಟೇ ಕೆಲಸ. ಅವನ ಕೈ ಯಾವಾಗ ತಿರುಗಿತೋ ಅವನಿಗೇ ತಿಳಿಯಲಿಲ್ಲ. ಗಾಡಿ ಬಲಕ್ಕೆ ಹೊರಳಿತು. ಹೇಮಾವತಿಯ ಭುಜ ಎಡಗಡೆಯ ಬಾಗಿಲಿಗೆ ಒತ್ತಿಕೊಂಡಿತು.

ಸ್ವಲ್ಪ ದೂರ ಹೋದ ಮೇಲೆ ಅವಳು ಕೇಳಿದಳು, "ಅಪ್ಪ, ಎಡಕ್ಕೇ ತಾನೆ ತಿರುಗ್ಸಿದ್ದು?"

"ಹೂಂ," ಎಂದ ಓಬಳೇಶಪ್ಪ.

ಅವಳು ಇನ್ನೊಂದು ಮಾತು ಕೇಳಲಿಲ್ಲ. ಬೆರಳು ಹಾಳೆಯ ಮೇಲೆಯೇ ಇತ್ತು, ಆದರೆ ಸರಿಯುತ್ತಿರಲಿಲ್ಲ. ಅವನು ಒಂದಷ್ಟು ದೂರ ಅಂಕಿ ಕೂಗಿದ. ಅವಳಿಂದ ಹೂಂ ಬರಲಿಲ್ಲ. ಆಮೇಲೆ ಅವನೂ ನಿಲ್ಲಿಸಿದ.

ಹುಣಸೆತೋಪಿನ ಆಚೆ ಗಡಿಯಾರದವರು ಕುಳಿತಿದ್ದರಂತೆ. ಅಲ್ಲಿ ಮುಖ ತೋರಿಸದೆ ಹಿರಿಯೂರು ಮುಟ್ಟಿದ ಗಾಡಿ ಲೆಕ್ಕಕ್ಕೇ ಇಲ್ಲ. ಲಕ್ಷ್ಮೀಕಾಂತ್ ಮೇಷ್ಟ್ರು ಓಡಿ ಬಂದರು. "ಏನಾಯ್ತಪ್ಪ? ಹೊಸದುರ್ಗದವರೆಗೆ ನೀವೇ ಮುಂದಿದ್ರಿ."

ಓಬಳೇಶಪ್ಪ ಬಾಯಿ ತೆರೆಯುವ ಮೊದಲೇ ಹೇಮಾವತಿ ಹೇಳಿದಳು, "ನಾನೇ ಸಾಲು ತಪ್ಪಿ ಓದ್ದೆ ಸರ್."

"ಇರಲಿ ಬಿಡಮ್ಮ, ಮೊದಲ ಸಲ," ಎಂದರು ಮೇಷ್ಟ್ರು. ಎಲ್ಲರ ಜೊತೆ ಅವಳಿಗೂ ಒಂದು ಸ್ಟೀಲಿನ ಡಬ್ಬಿ ಕೊಟ್ಟರು. ತೆಂಗಿನಕಾಯಿಯನ್ನು ಮಾರನೆಯ ದಿನ ಸಿದ್ದಕ್ಕ ಚಟ್ನಿಗೆ ಹಾಕಿದಳು. ಆ ಹಾದಿಯಲ್ಲಿ ಹೋಗಲೇ ಇಲ್ಲವಂತಲ್ಲ, ಸದ್ಯ ಎಂದುಕೊಂಡಳು.

ಆಮೇಲಿನ ದಿನಗಳಲ್ಲಿ ಮನೆ ಮೊದಲಿಗಿಂತ ಕೆಟ್ಟಿತು. ನಿರಂಜನನಿಗೆ ಅಂಗಡಿಯಲ್ಲಿ ನಿಜವಾಗಿಯೂ ನಕ್ಕಿದ್ದರು. ಆ ಸಿಟ್ಟನ್ನು ಅವನು ಊಟದ ಹೊತ್ತಿಗೆ ಮನೆಗೆ ತರುತ್ತಿದ್ದ. ಹೇಮಾವತಿ ಪೊರಕೆಗೆ ಕಡ್ಡಿ ಕಡಿಮೆಯಾಗಿದೆ ಎಂದರೆ, "ನಿನ್ನ ಲೆಕ್ಕ ಗೊತ್ತಾಗೈತೆ ಬಿಡು," ಎನ್ನುತ್ತಿದ್ದ. ಬಾಗಿಲ ಬಳಿ ಯಾರೋ ಬಂದರು ಎಂದರೆ, "ಎಡಗಡೆ ಬಾಗಿಲಿಗೋ ಬಲಗಡೆದಕ್ಕೋ?" ಎನ್ನುತ್ತಿದ್ದ. ಆ ಮನೆಗೆ ಇದ್ದದ್ದೇ ಒಂದು ಬಾಗಿಲು.

ಸಿದ್ದಕ್ಕ ಮಗನನ್ನು ಗದರುತ್ತಿದ್ದಳು, ಆದರೆ ಮಗಳು ಎದ್ದರೆ ಮೊದಲಿನ ಹಾಗೆ ಓಡಿ ಹೋಗಿ ಕೈ ಹಿಡಿಯುತ್ತಿದ್ದಳು. ಹೇಮಾವತಿ ಈಗ ಕೈ ಬಿಡಿಸಿಕೊಳ್ಳುತ್ತಿರಲಿಲ್ಲ. ಕರೆದುಕೊಂಡು ಹೋದಲ್ಲಿ ಹೋಗುತ್ತಿದ್ದಳು, ಕೂರಿಸಿದಲ್ಲಿ ಕೂರುತ್ತಿದ್ದಳು. ಅಪ್ಪ ಮಗಳು ಇಬ್ಬರೂ ಒಂದೇ ಥರ ಆದರಲ್ಲ ಎಂದು ಸಿದ್ದಕ್ಕನಿಗೆ ದಿಗಿಲಾಯಿತು. ಇದೆಲ್ಲ ಓಬಳೇಶಪ್ಪನ ಕಣ್ಣೆದುರಿಗೇ ನಡೆಯುತ್ತಿತ್ತು. ತಾನು ಒಂದು ಮಾತು ಹೇಳಿದರೆ ಸಾಕು ಎಂಬುದು ಅವನಿಗೆ ತಿಳಿದಿತ್ತು. ಮಾತು ಗಂಟಲವರೆಗೆ ಬರುವುದರಲ್ಲಿ ಊಟ ಮುಗಿದುಹೋಗುತ್ತಿತ್ತು. ನಾಚಿಕೆಯಾಗಬೇಕಿತ್ತು, ಅದೂ ಆಗುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಎಲ್ಲರೂ ಊಟಕ್ಕೆ ಕುಳಿತಿದ್ದರು. ನಿರಂಜನ್ ಮುದ್ದೆ ಮುರಿಯುತ್ತ ಹೇಳಿದ, "ಅವ್ವ, ಆ ಮೇಷ್ಟ್ರು ಅಂಗಡಿಗೆ ಫೋನ್ ಮಾಡಿದ್ರು. ಮತ್ತೆ ಮಾಡ್ತಾರಂತೆ ಆ ಆಟಾನ. ಇವಳು ಬರಲ್ಲ ಅಂತ ಹೇಳ್ಬಿಟ್ಟೆ."

ಹೇಮಾವತಿಯ ಕೈ ತಟ್ಟೆಯಲ್ಲೇ ನಿಂತಿತು. "ನನ್ನ ಒಂದು ಮಾತು ಕೇಳ್ದೆ?"

"ನಿನ್ನ ಕೇಳೋದೇನೈತೆ? ಒಂದು ಹಾಳೆ ನೆಟ್ಟಗೆ ಓದಕ್ಕಾಗ್ಲಿಲ್ಲ ನಿಂಗೆ. ಮತ್ತೆ ಊರ ಮುಂದೆ ಮರ್ಯಾದೆ ಕಳೀತೀಯಾ?"

"ಸಾಕು ಬಿಡಪ್ಪ, ಉಣ್ಣು," ಎಂದಳು ಸಿದ್ದಕ್ಕ. "ಅವಳಿಗೂ ಸಾಕಾಗೈತೆ. ಅಲ್ವೇನವ್ವ? ಮನೇಲಿ ಇದ್ಕಂಡು ಇರ್ಲಿ."

ಹೇಮಾವತಿ ತಲೆ ತಗ್ಗಿಸಿ ಮುದ್ದೆಯನ್ನು ಸಾರಿಗೆ ಅದ್ದಿದಳು, ನುಂಗಿದಳು. ಓಬಳೇಶಪ್ಪ ಅವಳು ನುಂಗುವುದನ್ನು ನೋಡಿದ. ಅದು ತಾನು ಉಣ್ಣುವ ರೀತಿ ಎಂದು ಅವನಿಗೆ ಗುರುತು ಹತ್ತಿತು.

"ಅವಳು ಸರಿಯಾಗೇ ಓದಿದ್ಲು," ಎಂದ.

ಅವನಾಗಿ ಅವನು ಮಾತಾಡಿ ಎಷ್ಟು ಕಾಲವಾಗಿತ್ತೋ. ಸಿದ್ದಕ್ಕ ಸಾರಿನ ಸೌಟು ಹಿಡಿದುಕೊಂಡೇ ಕುಳಿತಳು.

"ಎಡಕ್ಕೆ ಅಂತಾನೇ ಹೇಳಿದ್ಲು. ನಾನೇ ಬಲಕ್ಕೆ ಹೊಡ್ದೆ. ಹುಣಸೆತೋಪಿನ ಹಾದಿ ಅದು. ಹೋಗಕ್ಕಾಗ್ಲಿಲ್ಲ ನಂಗೆ. ಅವಳು ಕೇಳಿದ್ಕೆ ಎಡಕ್ಕೇ ತಿರುಗ್ಸಿದೀನಿ ಅಂತ ಸುಳ್ಳು ಹೇಳ್ದೆ."

"ಹೋಗಾಕಾಗ್ದಿದ್ರೆ ಅಲ್ಲೇ ನಿಲ್ಸಿ ಹೇಳ್ಬಾರ್ದಿತ್ತೇನ್ರಿ?" ಎಂದಳು ಸಿದ್ದಕ್ಕ, ಬಹಳ ಸಣ್ಣ ದನಿಯಲ್ಲಿ.

ನಿರಂಜನ್ ತಂಗಿಯ ಕಡೆಗೆ ತಿರುಗಿದ. "ನಿಂಗೆ ಗೊತ್ತಿತ್ತೇನೇ?"

"ಗಾಡಿ ಯಾವ ಕಡೆಗೆ ಹೊರಳ್ತು ಅಂತ ಮೈಗೆ ಗೊತ್ತಾಗಲ್ವೇನಣ್ಣ?"

"ಮತ್ತೆ ಇಷ್ಟು ದಿನ ನನ್ನ ಕೈಲಿ ಬೈಸ್ಕಂಡೆ? ಯಾಕೆ?"

"ಮೇಷ್ಟ್ರ ಮುಂದೆ ಅಪ್ಪಂಗೆ ಅವಮಾನ ಆಗೋದು ಬ್ಯಾಡ ಅನ್ನಿಸ್ತು, ಹಂಗಂದೆ," ಎಂದಳು ಹೇಮಾವತಿ. "ಮನೆಗೆ ಬಂದ ಮ್ಯಾಲೆ ಅಪ್ಪನೇ ಹೇಳ್ತಾನೆ ಅಂದ್ಕಂಡೆ. ದಿನಾ ಊಟಕ್ಕೆ ಕುಂತಾಗ ಇವತ್ತು ಹೇಳ್ತಾನೇನೋ ಅಂತ ಕಾಯ್ತಿದ್ದೆ."

ನಿರಂಜನ್ ಎದ್ದು ಹೋಗಿ ಕೈ ತೊಳೆದುಕೊಂಡು ಬಂದು, ಬಾಗಿಲಲ್ಲೇ ನಿಂತು, ನಾಳೆ ತಾನೇ ಮೇಷ್ಟ್ರಿಗೆ ಫೋನ್ ಮಾಡುವುದಾಗಿ ಹೇಳಿದ. ತಂಗಿಯ ಹೆಸರು ಬರೆಸುತ್ತೇನೆ ಎಂದ. ಓಬಳೇಶಪ್ಪ ಮಗಳ ಕಡೆಗೆ ಸ್ವಲ್ಪ ಸರಿದು ಕುಳಿತ.

"ಬರೆಸ್ಲಿ," ಎಂದ. "ಈ ಸಲ ಸರಿಯಾಗಿ ಹೊಡೀತೀನವ್ವ. ನೀನು ಎಲ್ಲಿಗೆ ಅಂತೀಯೋ ಅಲ್ಲಿಗೆ."

ಹೇಮಾವತಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಸಿಟ್ಟಿನಿಂದ ಹೇಳಲಿಲ್ಲ, ಮೆಲ್ಲಗೇ ಹೇಳಿದಳು.

"ಬ್ಯಾಡಪ್ಪ. ಈ ಸಲ ನೀನು ಬರಬ್ಯಾಡ. ಮೇಷ್ಟ್ರು ಯಾರನ್ನ ಕೊಡ್ತಾರೋ ಅವ್ರ ಜೊತೆ ಹೋಗ್ತೀನಿ."

"ಗುರ್ತಿಲ್ದೋರ ಜೊತೇನಾ?" ಎಂದಳು ಸಿದ್ದಕ್ಕ. "ಏನ್ರಿ, ನೀವಾದ್ರೂ ಹೇಳ್ರಿ."

ಓಬಳೇಶಪ್ಪ ಮಗಳ ಮುಖ ನೋಡಿದ. ಮಗಳಿಗೆ ತಾನು ಬೇಡವಾದೆ ಎಂಬುದು ಅವನಿಗೆ ನೋವು ಮಾಡಿತು, ಬಹಳ ನೋವು ಮಾಡಿತು. ನೋವಾಗುತ್ತಿದೆ ಎಂದು ತಿಳಿಯುವುದಕ್ಕೇ ಅವನಿಗೆ ಒಂದು ಗಳಿಗೆ ಹಿಡಿಯಿತು. ಕಣ್ಣಲ್ಲಿ ನೀರು ಬಂದು ಅನ್ನದ ತಟ್ಟೆಗೆ ಬಿತ್ತು.

"ಸುಳ್ಳು ಹೇಳೋನು ಅಲ್ದಿದ್ರೆ ಸಾಕು," ಎಂದ ಹೆಂಡತಿಗೆ. "ಕಳ್ಸು."